ತರುವಿಂಗಾನ ಲ್ಯಾಪ್‌ಟಾಪು ತೊಳೆದದ್ದು

ಲ್ಯಾಪ್‌ಟಾಪಿನ ಮೇಲೂ ನೀರು ಚಿಮುಕಿಸಬೇಕು ಎಂದು ಎರಿನಾ ಅತ್ತೆ ಹಟ ಹಿಡಿದಾಗ ನನಗೆ ನಗು ಬರಲಿಲ್ಲ. ನಗುವುದು, ನಗಿಸುವುದು ನನ್ನ ಕೆಲಸ, ಆದರೂ ಬರಲಿಲ್ಲ. ಆಕೆ ಹೇಳಿದ್ದರಲ್ಲಿ ತಪ್ಪೇನಿತ್ತು? ಸತ್ತವನ ಅಂಗಿ, ಕಂಬಳಿ, ಗುದ್ದಲಿ, ಬೂಟು ಎಲ್ಲವನ್ನೂ ಚಾಪೆಯ ಮೇಲೆ ಹರಡಿ, ಸೊಪ್ಪಿನ ಕೊಂಬೆಯಿಂದ ನೀರು ಚಿಮುಕಿಸಿ, ಆಮೇಲೇ ಅವನ ರಕ್ತದವರಿಗೆ ಹಂಚುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಹಾಗೆ ಮಾಡದೆ ಕೊಟ್ಟರೆ ಸತ್ತವನೂ ಆ ಬಟ್ಟೆಯ ಜೊತೆ ಮನೆ ಹೊಗುತ್ತಾನೆ ಎನ್ನುತ್ತಾರೆ. ಅಂಗಿಗೆ ಒಂದು ನ್ಯಾಯ, ಲ್ಯಾಪ್‌ಟಾಪಿಗೆ ಒಂದು ನ್ಯಾಯ ಯಾಕೆ?

ಎರಿನಾ ತೀರಿಕೊಂಡ ಲಾರಿ ಡ್ರೈವರ್ ತರುವಿಂಗಾನ ಅಕ್ಕ. ಅವನ ಮಗಳಿಗೆ ಸೋದರತ್ತೆ, ಹಾಗಾಗಿ ಮ್ಕೊಬಾ ಬಡಾವಣೆಯ ನಮ್ಮ ಬೀದಿಗೆಲ್ಲ ಅತ್ತೆ. ಆ ಲ್ಯಾಪ್‌ಟಾಪು ಮೊದಲು ಇದ್ದದ್ದು ಅವಳ ಮಗ ತೊಂಗಾಯಿಯ ಹತ್ತಿರ. ಜೋಹಾನ್ಸ್‌ಬರ್ಗಿನಲ್ಲಿ ಹೊಸದು ಕೊಂಡಾಗ ಹಳೆಯದನ್ನು ಮಾವನಿಗೆ ಕೊಟ್ಟಿದ್ದ. ಈಗ ಮಾವ ಮಣ್ಣಿಗೆ ಹೋಗಿ ಎರಡು ತಿಂಗಳು. ಶನಿವಾರ ವಸ್ತು ಹಂಚುವ ದಿನ. ಸೋದರಳಿಯನಾಗಿ ಹಂಚುವ ಅಧಿಕಾರ ತೊಂಗಾಯಿಯದು. ಲ್ಯಾಪ್‌ಟಾಪು ತರುವಿಂಗಾನ ಮಗಳು ರುವಾಳಿಗೆ ಹೋಗಬೇಕು, ಅವಳು ಟೀಚರ್ ಕಾಲೇಜು ಸೇರುತ್ತಾಳೆ ಎಂದು ಎಲ್ಲರೂ ಒಪ್ಪಿದ್ದರು. ತಕರಾರು ಬಂದದ್ದು ತೊಳೆಯುವ ವಿಷಯಕ್ಕೆ.

"ಅಮ್ಮಾ, ಅದರ ಮೇಲೆ ನೀರು ಬಿದ್ರೆ ಅದೂ ಮಾವನ ಹಿಂದೇನೇ ಹೋಗತ್ತೆ," ಅಂದ ತೊಂಗಾಯಿ.

"ಹೋಗ್ಲಿ. ತೊಳೀದೆ ಮಗು ಕೈಗೆ ಕೊಡೋದಕ್ಕಿಂತ ಅದೇ ವಾಸಿ."

"ಅದನ್ನ ತೊಳೆಯೋ ರೀತಿ ಬೇರೆ ಇದೆ. ಒಳಗಿರೋದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡೋದು. ಒಂದು ಹನಿ ನೀರೂ ಬೇಡ."

"ಯಾರು ಅಳಿಸೋರು? ನೀನಾ? ಒಳಗೆ ಏನಿದೆಯೋ ಏನೋ. ಮಾವನ ಬತ್ತಲೆ ನೋಡ್ತೀಯೇನೋ?"

ತೊಂಗಾಯಿ ತಲೆ ತಗ್ಗಿಸಿದ. ರುವಾ, "ನಾನಂತೂ ನೋಡಲ್ಲಪ್ಪ," ಅಂದಳು. ಅವಳ ತಾಯಿ, ನಾವು ಮಗುವಿನ ಹೆಸರು ಸೇರಿಸಿ ಮಾಯಿ ರುವಾ ಎನ್ನುವವಳು, ಮೂಲೆಯಲ್ಲಿ ಕೂತು ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿ ಹೊಸೆಯುತ್ತಿದ್ದಳು. "ನನಗೆ ಅದನ್ನ ಮುಟ್ಟೋಕೇ ಆಗ್ತಿಲ್ಲ," ಅಂದಳು. ಆಮೇಲೆ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ತಿರುಗುತ್ತದೆಂದು ನನಗೂ ಗೊತ್ತಿತ್ತು.

ನಾನು ಆ ಮನೆಯ ಸಹ್ವಿರಾ. ನಮ್ಮಜ್ಜ ಅವರಜ್ಜನನ್ನು ಹೂಳಿದ. ಅವರಪ್ಪ ನಮ್ಮಪ್ಪನನ್ನು ಹೂಳಿದ. ಎರಡು ಮನೆಗಳ ನಡುವೆ ಹೀಗೆ ಹರಿದುಬಂದ ಗೆಳೆತನಕ್ಕೆ ನಮ್ಮಲ್ಲಿ ಸಹ್ವಿರಾ ಎನ್ನುವುದು. ರಕ್ತದವರ ಕೈಲಾಗದ ಕೆಲಸ ಸಹ್ವಿರಾಳದು. ರಕ್ತದವರ ಬಾಯಲ್ಲಿ ಬರಬಾರದ ಮಾತೂ ಸಹ್ವಿರಾಳದೇ. ಸಾವಿನ ಮನೆಯಲ್ಲಿ ಸತ್ತವನ ಕೋಟು ಹ್ಯಾಟು ಹಾಕಿಕೊಂಡು, ಅವನ ಹಾಗೆ ನಡೆದು, ಅವನ ಹಾಗೆ ಬೈದು, ಅಳುವವರನ್ನು ನಗಿಸಬೇಕು. ತರುವಿಂಗಾನನ್ನು ಹೂಳುವ ದಿನ ನಾನು ಅವನ ಹಾಗೆ ಉಬ್ಬಸ ಪಡುತ್ತಾ, ಇಲ್ಲದ ಲಾರಿಯನ್ನು ಗೇರು ಹಾಕಿ ಹತ್ತಿಸುತ್ತಾ, ಪೋಲೀಸಿನವನ ಮುಂದೆ ಹಲ್ಲುಗಿಂಜುತ್ತಾ ಗುಂಡಿಯ ಸುತ್ತ ಬಂದೆ. ಪಾದ್ರಿಯೂ ನಕ್ಕರು. ಮಾಯಿ ರುವಾ ನಕ್ಕು ನಕ್ಕು ಅತ್ತಳು. ಎಲ್ಲರೂ ಅತ್ತರು, ನನ್ನೊಬ್ಬಳನ್ನು ಬಿಟ್ಟು. ಸಹ್ವಿರಾ ಅಳುವಂತಿಲ್ಲ. ನಾವಿಬ್ಬರೂ ಒಂದೇ ಬೀದಿಯ ಮಣ್ಣಲ್ಲಿ ಹೊರಳಿ ಬೆಳೆದವರು. ನನ್ನ ಗಂಡ ಬಿಟ್ಟುಹೋದಾಗ ಹೊಲಿಗೆ ಮಷೀನನ್ನು ಲಾರಿಯಲ್ಲಿ ಹೇರಿ ತಂದು ಮನೆಯಲ್ಲಿ ಇಳಿಸಿದವನು ಅವನು. ಅವನಿಗಾಗಿ ನಾನು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅದು ಎದೆಯಲ್ಲಿ ಹಾಗೇ ಕೂತಿತ್ತು, ಉಸಿರಾಡಲು ಅಡ್ಡವಾಗಿ.

"ಕೊಡಿ ಇಲ್ಲಿ," ಅಂದೆ. "ಹೆಣದ ಕೊಳೆ ತೊಳೆದ ಮನೆತನ ನಮ್ದು. ಇದೇನು ಮಹಾ?"

ರುವಾ ನನ್ನ ಮನೆಗೇ ಬಂದು ತೋರಿಸಿಕೊಟ್ಟಳು. ನಾನು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುವವಳು. ಕತ್ತರಿಸಿದ ನೀಲಿ ಬಟ್ಟೆಗಳನ್ನು ಸರಿಸಿ ಮೇಜಿನ ಮೇಲೆ ಜಾಗ ಮಾಡಿದೆ. ಒಳಹೊಗುವ ಗುಟ್ಟಿನ ಪದ ಅವನ ಹಳೆ ಲಾರಿಯ ನಂಬರು. ಅದನ್ನು ನನ್ನ ಸೀಮೆಸುಣ್ಣದಲ್ಲೇ ಮೇಜಿನ ಅಂಚಿಗೆ ಬರೆದಳು.

"ಮಾಯಿ ಜೈರಸ್, ಫೋಟೋಗಳನ್ನ ಈ ಪೆನ್‌ಡ್ರೈವಿಗೆ ಹಾಕಿ, ಅಮ್ಮನಿಗೆ ಬೇಕಂತೆ. ಅದಾದ್ಮೇಲೆ ಇಲ್ಲಿ ಒತ್ತಿ, ಆಮೇಲೆ ಇಲ್ಲಿ. ಎಲ್ಲಾ ತೆಗೀಲಾ ಅಂತ ಕೇಳತ್ತೆ. ಹೂಂ ಅನ್ನಿ. ಅಷ್ಟೇ."

"ಅಷ್ಟೇನಾ? ನಿಮ್ಮಪ್ಪನ್ನ ಅಳಿಸೋದು ಇಷ್ಟು ಸುಲಭ ಅಂತ ಗೊತ್ತಿದ್ರೆ ಯಾವತ್ತೋ ಅಳಿಸ್ತಿದ್ದೆ."

ಅವಳು ನಕ್ಕಳು. ಬಾಗಿಲ ತನಕ ಹೋಗಿ ತಿರುಗಿ, "ಏನಾದ್ರೂ ಕೆಟ್ಟದ್ದಿದ್ರೆ ನನಗೆ ಹೇಳ್ಬೇಡಿ," ಅಂದು ಹೋದಳು.

ಕೆಟ್ಟದ್ದು ಏನೂ ಇರಲಿಲ್ಲ. ಮೂರು ಹೊತ್ತು ಸಾದ್ಜಾ ಮುದ್ದೆ ತಿಂದು ಸಂಜೆ ಒಂದು ಬೀರು ಕುಡಿಯುವ ಮುದಿ ಡ್ರೈವರನ ಹತ್ತಿರ ಇನ್ನೇನಿರುತ್ತದೆ? ಫೋಟೋಗಳು. ಎಂಜಿನ್ ಬಿಚ್ಚಿ ಜೋಡಿಸುವ ವಿಡಿಯೋಗಳು. ಪಿಂಚಣಿ ಆಫೀಸಿಗೆ ಬರೆಯಲು ಹೊರಟು ಸಿಟ್ಟಿಗೆ ಬಿಟ್ಟುಬಿಟ್ಟ ಅರ್ಜಿ. ಆಮೇಲೆ, ಅವನು ಇಂಟರ್ನೆಟ್ಟನ್ನು ಕೇಳಿದ ಪ್ರಶ್ನೆಗಳು ಒಂದರ ಕೆಳಗೊಂದು. ನೀರಿನ ಬಕೆಟು ಎತ್ತಿದರೆ ಎದೆ ಯಾಕೆ ಹಿಡಿಯುತ್ತದೆ. ಎಡಗೈ ಜೋಮು ಹಿಡಿದರೆ ಏನರ್ಥ. ಹೆಂಡತಿಗೆ ಗೊತ್ತಾಗದ ಹಾಗೆ ಮಾತ್ರೆ ತೆಗೆದುಕೊಳ್ಳಬಹುದೇ. ಎರಿನಾ ಅತ್ತೆ ಬತ್ತಲೆ ಎಂದದ್ದು ಇದಕ್ಕೇ ಇರಬೇಕು. ಇದನ್ನು ಮಗಳು ನೋಡಬಾರದು, ಹೆಂಡತಿಯಂತೂ ನೋಡಲೇಬಾರದು. ನಮ್ಮ ಪದ್ಧತಿ ಮಾಡಿದವರು ದಡ್ಡರಲ್ಲ ಅನ್ನಿಸಿತು.

ಫೋಟೋಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿದೆ. ಎಲ್ಲಾ ತೆಗೀಲಾ ಎಂಬ ಪ್ರಶ್ನೆಯ ಹತ್ತಿರ ಹೋಗುವಷ್ಟರಲ್ಲಿ ಮೂಲೆಯಲ್ಲಿ ಟಿಣ್ ಅಂದಿತು. ಒಂದು ಕಿಟಕಿ ತೆರೆದುಕೊಂಡಿತು. ಕರಿ ಬಿಳಿ ಮನೆಗಳ ಹಲಗೆ, ಅದರ ಮೇಲೆ ಕಾಯಿಗಳು. ಡ್ರಾಫ್ಟ್ ಆಟ. ನಮ್ಮ ಬಾರಿನ ಮುಂದೆ ಗಂಡಸರು ಬೀರು ಬಾಟಲಿ ಮುಚ್ಚಳಗಳನ್ನು ಕಾಯಿ ಮಾಡಿಕೊಂಡು, ಕಿರುಚಾಡುತ್ತಾ ಆಡುವುದು ಇದನ್ನೇ. ತರುವಿಂಗಾ ಅಲ್ಲಿಗೆ ನಡೆಯಲಾರದೆ ಹೋದ ಮೇಲೆ ಇದರಲ್ಲಿ ಆಡುತ್ತಿದ್ದ ಎಂದು ನನಗೆ ಗೊತ್ತಿತ್ತು. ಯಾರ ಜೊತೆ ಎಂದು ಕೇಳಿರಲಿಲ್ಲ. ಮಷೀನಿನ ಜೊತೆ ಅಂದುಕೊಂಡಿದ್ದೆ. ಹಲಗೆಯ ಪಕ್ಕ ಎಲ್ಫಾಸ್ ಎಂಬ ಹೆಸರು, ಹ್ವಾಂಗೆ ಎಂದು ಊರು, ದೂರದ ಕಲ್ಲಿದ್ದಲ ಗಣಿಯ ಊರು. ಅದರ ಕೆಳಗೆ ಅವನು ಬರೆದದ್ದು.

"ಲೋ ಮುದಿಗೂಳಿ, ಸೋಲ್ತೀಯ ಅಂತ ಓಡಿಹೋದ್ಯಾ?"

"ಸರದಿ ನಿಂದು. ಹಲಗೆ ಮುಂದೆ ಕೂತು ಕೂತು ನನ್ನ ಕುಂಡೆ ಸವೀತು."

"ಹೆಂಡತಿ ಲ್ಯಾಪ್‌ಟಾಪು ಕಿತ್ಕೊಂಡ್ಲಾ? ಒಳ್ಳೇ ಹೆಂಗಸು."

ಆಮೇಲೆ ಕೆಲವು ದಿನ ಏನೂ ಇಲ್ಲ. ಆಮೇಲೆ, "ಕೋಪ ಬಂತಾ? ಆವತ್ತು ಅಂದದ್ದು ತಮಾಷೆಗೆ ಕಣೋ."

ಕೊನೆಯದು ಆಗಷ್ಟೇ ಬಂದದ್ದು. "ಇದೀಯಾ?"

ಈ ಲೋಕದಲ್ಲಿ ತರುವಿಂಗಾ ಸತ್ತದ್ದು ಗೊತ್ತಿಲ್ಲದ ಮನುಷ್ಯ ಒಬ್ಬನಿದ್ದಾನೆ ಎಂದು ನನಗೆ ಆವತ್ತು ತಿಳಿಯಿತು. ಅವನ ಪಾಲಿಗೆ ತರುವಿಂಗಾ ಇನ್ನೂ ಎಲ್ಲೋ ಮುನಿಸಿಕೊಂಡು ಕೂತಿದ್ದ. ಬೇರೆಯವರಾಗಿದ್ದರೆ ಸತ್ತ ಸುದ್ದಿ ಎರಡು ಸಾಲಿನಲ್ಲಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಾನು ಸಹ್ವಿರಾ. ಸತ್ತವನ ಬಾಯಾಗಿ ಮಾತಾಡುವುದು ನನಗೆ ಹಾಲು ಕುಡಿದಷ್ಟು ಸಲೀಸು. ಬೆರಳು ತಾನಾಗಿ ಹೋಯಿತು.

"ಸತ್ತಿದ್ದೆ. ನಿನ್ನ ಕಾಟ ತಡೀಲಾರದೆ ಎದ್ದು ಬಂದೆ," ಎಂದು ಬರೆದೆ.

ಉತ್ತರ ತಕ್ಷಣ ಬಂತು. "ನೀನು ಸಾಯೋ ಪೈಕಿ ಅಲ್ಲ. ಹೂತ್ರೂ ಮಣ್ಣು ನಿನ್ನ ಉಗಿಯತ್ತೆ. ಆಡು."

ನಾನು ಒಬ್ಬಳೇ ಕೂತು ಗಟ್ಟಿಯಾಗಿ ನಕ್ಕೆ. ಎರಡು ತಿಂಗಳಿಂದ ನಾನು ಊರನ್ನೆಲ್ಲ ನಗಿಸಿದ್ದೆ. ನನ್ನನ್ನು ಯಾರೂ ನಗಿಸಿರಲಿಲ್ಲ. ಆ ಕೆಲಸ ತರುವಿಂಗಾನದಾಗಿತ್ತು. ಎಲ್ಲಾ ತೆಗೀಲಾ ಎಂಬ ಪ್ರಶ್ನೆಯನ್ನು ಹಾಗೇ ಬಿಟ್ಟು ಒಂದು ಕಾಯಿ ಮುಂದೆ ಸರಿಸಿದೆ.

ಅದೇ ನಡೆಯಿತು ಆಮೇಲೆ. ಕರೆಂಟು ಇದ್ದಾಗ ಕೂರುವುದು, ಹೋದಾಗ ಹೊಲಿಗೆ ಹಿಡಿಯುವುದು. ನನಗೆ ಆಟ ಬರುತ್ತದೆ ಎಂದಲ್ಲ. ಹಿಂದಿನಿಂದ ನಿಂತು ನೋಡಿದ್ದೆ ಅಷ್ಟೆ. ಕಾಯಿ ಹೇಗೆ ನಡೆಯುತ್ತದೆ, ಹೇಗೆ ಹಾರಿ ಹೊಡೆಯುತ್ತದೆ, ಅಷ್ಟು ಗೊತ್ತು. ಎಲ್ಫಾಸ್ ನನ್ನ ಕಾಯಿಗಳನ್ನು ಕಡಲೆಪುರಿ ಹಾಗೆ ಮುಕ್ಕಿದ.

"ಕಣ್ಣು ಎಲ್ಲಿಟ್ಟಿದೀಯೋ? ಎರಡು ಕಾಯಿ ಬಿಟ್ಟಿ ಕೊಟ್ಟೆಯಲ್ಲ."

"ಬಡವರಿಗೆ ದಾನ ಮಾಡು ಅಂತ ಪಾದ್ರಿ ಹೇಳಿದಾರೆ."

"ನಿನ್ನ ಪಾದ್ರಿನ ಕರ್ಕೊಂಡು ಬಾ, ಅವರನ್ನೂ ಸೋಲಿಸ್ತೀನಿ."

ಬೈಗುಳದಲ್ಲಿ ಮಾತ್ರ ನಾನು ಒಂದಿಂಚೂ ಸೋಲಲಿಲ್ಲ. ತರುವಿಂಗಾ ಹೇಗೆ ಬೈಯುತ್ತಿದ್ದ, ಎಲ್ಲಿ ನಿಲ್ಲಿಸುತ್ತಿದ್ದ, ಯಾವ ಮಾತಿಗೆ ಕೆಣಕುತ್ತಿದ್ದ, ಎಲ್ಲ ನನಗೆ ಕರತಲಾಮಲಕ. ಬರೆಯುತ್ತಾ ಬರೆಯುತ್ತಾ ಅವನ ಧ್ವನಿ ಕಿವಿಯಲ್ಲಿ ಬರುತ್ತಿತ್ತು. ನನಗೆ ಬೇಕಾಗಿದ್ದುದೂ ಅದೇ. ಸುಳ್ಳು ಹೇಳಿ ಏನು ಪ್ರಯೋಜನ? ಹ್ವಾಂಗೆಯ ಆ ಮುದುಕನ ಮೇಲಿನ ಕನಿಕರಕ್ಕೆ ನಾನು ಸುಮ್ಮನಿರಲಿಲ್ಲ. ಇದನ್ನು ಅಳಿಸಿದರೆ ತರುವಿಂಗಾ ಮಾತಾಡುವ ಕೊನೇ ಜಾಗವೂ ಹೋಗುತ್ತದೆ ಎಂದು ನನಗೆ ಭಯವಾಗಿತ್ತು.

ರುವಾ ದಿನಾ ಬೇಲಿಯಾಚೆಯಿಂದ ಕೇಳುತ್ತಿದ್ದಳು. "ಮುಗೀತಾ ಮಾಯಿ ಜೈರಸ್?"

"ಎಲ್ಲಿ ಮುಗಿಯತ್ತೆ? ನಿಮ್ಮಪ್ಪ ಮಹಾ ಕೊಳಕ. ಒಂದು ತೊಳೆತಕ್ಕೆ ಹೋಗೋ ಕೊಳೆ ಅಲ್ಲ ಇದು."

ಗುರುವಾರ ಮಧ್ಯಾಹ್ನ ಆಟದ ನಡುವೆ ಎಲ್ಫಾಸ್ ಬೈಗುಳ ನಿಲ್ಲಿಸಿದ. ಅವನ ಸರದಿ ಇತ್ತು. ಆದರೂ ಕಾಯಿ ನಡೆಸಲಿಲ್ಲ. ಬದಲಿಗೆ ಬರೆದ. "ತಮಾಷೆ ಬಿಡು. ನಿಜ ಹೇಳು, ಹೇಗಿದೀಯ?"

ಸಹ್ವಿರಾ ಅಣಕಿಸಬಹುದು. ನಿಜ ಹೇಳು ಎಂದು ಕೇಳಿದವನಿಗೆ ಸತ್ತವನ ಬಾಯಲ್ಲಿ ಚೆನ್ನಾಗಿದೀನಿ ಅನ್ನುವ ಅಧಿಕಾರ ಅವಳಿಗಿಲ್ಲ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಕೆಣಕಿ ಕೆಣಕಿ ಪಳಗಿದ ನಾಲಿಗೆ ನನ್ನದು. ಬಿಗಿಯಾದ ಮಾತು ಬಂದರೆ ಪಕ್ಕಕ್ಕೆ ಹಾರುತ್ತದೆ.

"ಅಷ್ಟು ಕಾಳಜಿ ಇದ್ರೆ ಬಂದು ನೋಡು," ಎಂದು ಬರೆದೆ. "ಶನಿವಾರ ನಮ್ಮನೇಲಿ ಸಾದ್ಜಾ, ಮಾಂಸ ಬೇಯತ್ತೆ. ಗಂಡಸಾಗಿದ್ರೆ ಬಾ. ಬರೋಕೆ ನಿನಗೆಲ್ಲಿ ದಮ್ಮು."

"ನಿನ್ನ ಮುಖ ನೋಡೋಕೆ ಅಷ್ಟು ದೂರ ಯಾವನು ಬರ್ತಾನೆ," ಎಂದು ಬಂತು. ನನಗೆ ಸಮಾಧಾನವಾಯಿತು. ಲ್ಯಾಪ್‌ಟಾಪಿನ ಮುಚ್ಚಳ ಹಾಕಿ ನೀರು ಕುಡಿದು ಬಂದೆ.

ಶುಕ್ರವಾರ ಬೆಳಿಗ್ಗೆ ತೆಗೆದಾಗ ಅವನಿಂದ ಏನೂ ಬಂದಿರಲಿಲ್ಲ. ಸರಿ, ಇಷ್ಟಕ್ಕೇ ಮುಗಿಯಲಿ ಅಂದುಕೊಂಡೆ. ಅವನ ಮಟ್ಟಿಗೆ ತರುವಿಂಗಾ ಒಂದು ಬೈಗುಳ ಬೈದು ಎದ್ದುಹೋದವನಾಗಿ ಉಳಿಯಲಿ. ಹಾಗೆ ಎದ್ದುಹೋಗುವುದು ಅವನಿಗೆ ಒಪ್ಪುತ್ತಿತ್ತು. ಅವರಿಬ್ಬರ ಮಾತನ್ನು ಮೇಲಕ್ಕೆ ಸರಿಸಿದರೆ ವರ್ಷಗಟ್ಟಲೆಯದು ಸಿಗುತ್ತಿತ್ತು. ನಾನು ಸರಿಸಲಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಳ್ಳುವ ಆಸೆಯೂ ಬಂತು. ಹೆಣ ತೊಳೆಯಲು ಹೋದವರು ಬೆರಳ ಉಂಗುರ ಬಿಚ್ಚಿಕೊಂಡು ಬರುತ್ತಾರಾ ಎಂದು ನನ್ನನ್ನೇ ಬೈದುಕೊಂಡೆ. ರುವಾ ತೋರಿಸಿದ ಜಾಗದಲ್ಲಿ ಒತ್ತಿದೆ. ಎಲ್ಲಾ ತೆಗೀಲಾ ಎಂದು ಕೇಳಿತು. ಹೂಂ ಎಂದೆ. ಮತ್ತೆ ಕೇಳಿತು, ಮತ್ತೆ ಹೂಂ ಎಂದೆ.

ಕರಿ ಪರದೆಯ ಮೇಲೆ ಒಂದು ಉಂಗುರ ತಿರುಗತೊಡಗಿತು. ಬಟ್ಟೆ ಹೊಲಿಯೋಣವೆಂದು ಕೂತೆ, ಹೊಲಿಗೆ ಡೊಂಕಾಯಿತು, ಬಿಚ್ಚಿದೆ. ಬಹಳ ಹೊತ್ತಿನ ಮೇಲೆ ಅದು ಹೊಸ ಮದುಮಗಳಂತೆ ಎದ್ದು, ನಮಸ್ಕಾರ, ನಿಮ್ಮ ಹೆಸರೇನು ಎಂದು ಕೇಳಿತು. ತರುವಿಂಗಾ ಎಂದು ಹೊಡೆಯಬೇಕೆನ್ನಿಸಿದ ಕೈಯನ್ನು ಮಡಿಲಲ್ಲಿ ಹಿಡಿದುಕೊಂಡು ಕೂತೆ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಹಾಳಾದ್ದು ಎದೆಯಿಂದ ಒಂದಿಷ್ಟೂ ಕದಲಲಿಲ್ಲ.

ಶನಿವಾರ ತರುವಿಂಗಾನ ಮನೆಯಂಗಳ ತುಂಬಿತ್ತು. ಚಾಪೆಯ ಮೇಲೆ ಅವನ ಅಂಗಿಗಳು, ಮಳೆಕೋಟು, ಸ್ಪ್ಯಾನರುಗಳ ಪೆಟ್ಟಿಗೆ, ಬೂಟು, ತುದಿಯಲ್ಲಿ ಲ್ಯಾಪ್‌ಟಾಪು. ಎರಿನಾ ಅತ್ತೆಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ನಿಜವಾಗ್ಲೂ ತೊಳೆದ್ಯಾ?" ಎಂದು ಕಿವಿಯಲ್ಲಿ ಕೇಳಿದಳು. "ನಿನ್ನ ತಮ್ಮನಿಗಿಂತ ಚೊಕ್ಕಟ ಇದೆ," ಅಂದೆ. ತೊಂಗಾಯಿ ಸೊಪ್ಪಿನ ಕೊಂಬೆಯಿಂದ ಎಲ್ಲದರ ಮೇಲೆ ನೀರು ಚಿಮುಕಿಸುತ್ತಾ ಬಂದು, ಲ್ಯಾಪ್‌ಟಾಪಿನ ಹತ್ತಿರ ಕೊಂಬೆಯನ್ನು ಗಾಳಿಯಲ್ಲೇ ಆಡಿಸಿ ಮುಂದೆ ಹೋದ. ನಾನು ತರುವಿಂಗಾನ ಕೋಟು ಹ್ಯಾಟು ಹಾಕಿ ನಿಂತಿದ್ದೆ. ಒಂದೊಂದು ವಸ್ತು ಎತ್ತಿದಾಗಲೂ ಬಾಯಿಗೆ ಬಂದದ್ದು ಆಡಬೇಕು. "ಈ ಪ್ಯಾಂಟು ಯಾರಿಗೆ? ಹುಷಾರಪ್ಪ, ಇದಕ್ಕೆ ಎಲ್ಲಾ ಬಾರಿನ ದಾರಿ ಗೊತ್ತು, ತಾನೇ ಕರ್ಕೊಂಡು ಹೋಗತ್ತೆ." ಜನ ನಗುತ್ತಿದ್ದರು.

ಆಗ ಗೇಟಿನಲ್ಲಿ ಒಬ್ಬ ಮುದುಕ ನಿಂತ. ಉದ್ದಕ್ಕೆ, ಒಣಗಿದ ಕೊರಡಿನ ಹಾಗೆ. ಒಂದು ಕೈಲಿ ಊರುಗೋಲು, ಇನ್ನೊಂದರಲ್ಲಿ ಹಿಟ್ಟಿನ ಚೀಲ. ಬಸ್ಸಿನ ಧೂಳು ಹುಬ್ಬಿನ ತನಕ ಇತ್ತು.

"ಲಾರಿ ಟೈರು ನೆಟ್ಟ ಗೇಟು ಇದೇ ತಾನೆ?" ಎಂದು ದೊಡ್ಡ ದನಿಯಲ್ಲಿ ಕೇಳಿದ. "ಎಲ್ಲಿ ಆ ಮುದಿಗೂಳಿ? ಬಾ ಅಂತ ಕರೆದು ಎಲ್ಲಿ ಅಡಗಿದಾನೆ? ಹೊರಗೆ ಕರೀರಿ. ಸೋತೂ ಸೋತೂ ಮುಖ ತೋರಿಸೋಕೆ ನಾಚಿಕೆನಾ?"

ಅಂಗಳವೆಲ್ಲ ಗೊಳ್ಳೆಂದಿತು. ದೂರದ ಊರಿನ ಇನ್ನೊಬ್ಬ ಸಹ್ವಿರಾ ಬಂದ, ಸತ್ತವನನ್ನು ಅಣಕಿಸುತ್ತಿದ್ದಾನೆ ಎಂದುಕೊಂಡರು. ಮಾಯಿ ರುವಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಜನ ನಕ್ಕದ್ದು ಕಂಡು ಅವನಿಗೆ ಹುರುಪು ಬಂತು. ಕೋಟು ತೊಟ್ಟ ನನ್ನನ್ನು ಕೋಲಿನಿಂದ ತೋರಿಸಿ, "ಓಹೋ, ಹೆಂಗಸಿಗೆ ತನ್ನ ಕೋಟು ಹಾಕಿಸಿ ತಾನು ಮಂಚದ ಕೆಳಗೆ ಸೇರ್ಕೊಂಡಿದಾನೆ," ಅಂದ. ಜನ ಇನ್ನೂ ನಕ್ಕರು. ನಾನು ಗೇಟಿನ ಕಡೆ ಹೊರಟೆ. ಅವನ ಬೈಗುಳದ ಒಂದೊಂದು ಸಾಲೂ ನನಗೆ ಗೊತ್ತಿದ್ದದ್ದೇ.

ನಾನು ಹೋಗುವಷ್ಟರಲ್ಲಿ ಅವನ ಕಣ್ಣು ಚಾಪೆಯ ಮೇಲೆ ಬಿದ್ದಿತ್ತು. ಅಂಗಿಗಳ ಸಾಲು, ಜೋಡಿ ಬೂಟು, ತೊಂಗಾಯಿಯ ಕೈಯ ಸೊಪ್ಪು. ಅವನ ಜನರಲ್ಲೂ ಇದೆಲ್ಲ ಇದ್ದದ್ದೇ. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಗು ಮುಖದಲ್ಲಿ ಹಾಗೇ ಉಳಿದು, ಕೋಲಿನ ಮೇಲೆ ಭಾರ ಬಿಟ್ಟ.

"ನೀವು ಎಲ್ಫಾಸ್," ಅಂದೆ.

"ಹೂಂ. ನೀನು ಯಾರಮ್ಮ?"

"ಅವನ ಸಹ್ವಿರಾ."

"ಯಾವಾಗ ಹೋದ?"

"ಎರಡು ತಿಂಗಳಾಯ್ತು."

ಅವನು ಲೆಕ್ಕ ಹಾಕಿದ್ದು ಕಣ್ಣಲ್ಲೇ ಕಾಣಿಸಿತು. "ಹಾಗಾದ್ರೆ ಈ ವಾರ ನನ್ನ ಜೊತೆ ಆಡಿದ್ದು?"

"ನಾನು. ಅದನ್ನ ತೊಳೆಯೋ ಕೆಲಸ ನನಗೆ ಬಿದ್ದಿತ್ತು. ನೀವು ಇದೀಯಾ ಅಂತ ಕೇಳಿದ್ರಿ. ಇಲ್ಲ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ. ಬೈಯೋದಿದ್ರೆ ಬೈಯ್ರಿ, ನಿಂತ್ಕೊಂಡು ಕೇಳ್ತೀನಿ. ನಿಮ್ಮನ್ನ ಬಾ ಅಂತ ಕೆಣಕಿದ್ದು ತಪ್ಪಾಯ್ತು."

ಅವನು ಬೈಯಲಿಲ್ಲ. ಗೇಟಿನ ಪಕ್ಕದ ಟೈರಿನ ಮೇಲೆ ನಿಧಾನವಾಗಿ ಕೂತ.

"ಕೆಣಕಿದ್ದಕ್ಕೆ ಬಂದೆ ಅಂದ್ಕೊಂಡ್ಯಾ?" ಅಂದ. "ಅವನು ವರ್ಷಕ್ಕೆ ನೂರು ಸಲ ಹಾಗೆ ಅಂತಿದ್ದ, ಮನೆ ಗುರುತೂ ಹೇಳಿದ್ದ. ಒಂದು ಸಲನೂ ನಾನು ಬಂದಿರ್ಲಿಲ್ಲ. ನಾನು ಬಂದದ್ದು ಆಟ ನೋಡಿ. ಬೈಗುಳ ಎಲ್ಲಾ ಅವನದೇ, ಒಂದಕ್ಷರ ಆಚೀಚೆ ಇಲ್ಲ. ಆದ್ರೆ ಕಾಯಿ ನಡೆಸೋದು ಮಗು ಹಾಗೆ. ನನ್ನ ಹೆಂಡತಿಗೆ ಹೇಳ್ದೆ, ಇವನಿಗೆ ಏನೋ ಆಗಿದೆ, ತಲೆ ಓಡ್ತಿಲ್ಲ, ಬಾಯಿ ಜೋರು ಮಾಡಿ ಮುಚ್ಚಿಡ್ತಿದಾನೆ. ಹೇಗಿದೀಯ ಅಂತ ಕೇಳ್ದೆ, ಅದಕ್ಕೂ ತಮಾಷೆ ಮಾಡ್ದ. ಇನ್ನು ತಡ ಮಾಡಿದ್ರೆ ಸಿಗಲ್ಲ ಅನ್ನಿಸ್ತು. ನಿನ್ನೆ ಬೆಳಿಗ್ಗೆನೇ ಹೊರಟೆ. ಜೀವ ಇರೋವಾಗ ಒಂದ್ಸಲ ಮುಖ ನೋಡೋಣ ಅಂತ."

ನಾನು ಅವನ ಕಾಲ ಬಳಿ ನೆಲದ ಮೇಲೆ ಕೂತೆ.

ಅಷ್ಟರಲ್ಲಿ ಎರಿನಾ ಅತ್ತೆ, ತೊಂಗಾಯಿ, ಮಾಯಿ ರುವಾ ಎಲ್ಲ ಹತ್ತಿರ ಬಂದಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ನಗಲಿಲ್ಲ. ಎರಿನಾ ಅತ್ತೆ ನನ್ನನ್ನು ಸುಡುವ ಹಾಗೆ ನೋಡಿದಳು. ಆಮೇಲೆ ಮುದುಕನ ಮುಂದೆ ಮಂಡಿಯೂರಿ, ಬೊಗಸೆ ಕೈ ತಟ್ಟಿ ಬರಮಾಡಿಕೊಂಡಳು. ಅವನು ಹಿಟ್ಟಿನ ಚೀಲವನ್ನು ಮಾಯಿ ರುವಾಳ ಕಡೆ ಸರಿಸಿದ. ಒಳಗೆ ಹುರಿದು ತಿನ್ನಲು ಒಣಗಿಸಿದ ಮೊಪಾನಿ ಹುಳು. ಅವನ ಕಡೆಯ ಕಾಡಿನದು, ಇಲ್ಲಿ ಸಿಗುವುದಕ್ಕಿಂತ ದಪ್ಪ.

"ಗೆದ್ರೆ ತಂದ್ಕೊಡ್ತೀನಿ ಅಂದಿದ್ದೆ ಅವನಿಗೆ," ಅಂದ. "ಒಂದ್ಸಲನೂ ಗೆಲ್ಲಲಿಲ್ಲ. ಸಾಯೋ ಮನುಷ್ಯ ಗೆಲ್ಲೋ ತನಕ ಕಾಯೋದೇನು ಅಂತ ತಂದೆ."

ರುವಾ ಲ್ಯಾಪ್‌ಟಾಪು ಎದೆಗೆ ಒತ್ತಿಕೊಂಡು ನಿಂತಿದ್ದಳು. "ಅಪ್ಪ ನಿಮ್ಮ ಜೊತೆ ಏನು ಮಾತಾಡ್ತಿದ್ರು?" ಎಂದು ಕೇಳಿದಳು.

ಮ್ಲೋಚ್ವಾ ಅಜ್ಜ, ಎಲ್ಫಾಸನ ಮನೆತನದ ಹೆಸರು ಅದಂತೆ, ನನ್ನ ಕಡೆ ನೋಡಿದ. "ಅದರಲ್ಲೇ ಇದೆಯಲ್ಲ, ಓದಿಲ್ವಾ?"

"ನಾನು ಎಲ್ಲಾ ಅಳಿಸ್ಬಿಟ್ಟೆ," ಅಂದೆ. ಆ ಮಾತು ಬಾಯಿಂದ ಬರುವಾಗ ನಾನೇನು ಮಾಡಿದೆ ಎಂದು ನನಗೆ ಗೊತ್ತಾಯಿತು. ತರುವಿಂಗಾ ಎಷ್ಟೋ ವರ್ಷ ಆಡಿದ್ದ ಮಾತು, ನಾನು ಒಂದು ಸಾಲೂ ಓದದೆ ಹೂಂ ಎಂದಿದ್ದೆ.

"ಅದರಲ್ಲಿ ತಾನೆ ಅಳಿಸಿದ್ದು," ಎಂದು ಅವನು ಕೋಟಿನ ಒಳಜೇಬಿನಿಂದ ಫೋನು ತೆಗೆದ. ಗಾಜು ಒಡೆದು ಟೇಪು ಹಚ್ಚಿದ ಫೋನು. ಕನ್ನಡಕ ಏರಿಸಿ, ಹೆಬ್ಬೆರಳಿನಿಂದ ಸರಿಸುತ್ತಾ ಹೋದ. "ನೀವು ತೊಳೆದದ್ದು ನಿಮ್ಮನೇದು. ನನ್ನ ಹತ್ರ ಇರೋದನ್ನ ತೊಳೆಯೋಕೆ ನಾನೇನು ಸತ್ತಿದೀನಾ?"

ಓದತೊಡಗಿದ. ಬೈಗುಳವೇ ಎಲ್ಲ. ಹ್ವಾಂಗೆಯ ಬಿಸಿಲಿಗೆ, ಇವನ ಕಲ್ಲಿದ್ದಲ ಕೆಮ್ಮಿಗೆ, ಇವನ ಹೆಂಡತಿಯ ಅಡಿಗೆಗೆ ತರುವಿಂಗಾ ಬೈದದ್ದು. ಮೊದಲು ಯಾರೂ ನಗಲಿಲ್ಲ. ಆಮೇಲೆ ತೊಂಗಾಯಿ ಕಿಸಕ್ಕೆಂದ, ಆಮೇಲೆ ಮಾಯಿ ರುವಾ, ಆಮೇಲೆ ಅಂಗಳಕ್ಕೆ ಅಂಗಳವೇ ನಮ್ಮ ಸುತ್ತ ಬಂದು ಕೂತು ನಗತೊಡಗಿತು. ಆ ಮನುಷ್ಯನಿಗೆ ಅಣಕಿಸಲು ಬರುತ್ತಿರಲಿಲ್ಲ. ಸಪ್ಪೆಯಾಗಿ, ಶಾಲೆ ಹುಡುಗ ಪಾಠ ಒಪ್ಪಿಸುವ ಹಾಗೆ ಓದುತ್ತಿದ್ದ. ಆದರೂ ಅದು ತರುವಿಂಗಾನೇ. ನಾನು ಕೋಟು ಹ್ಯಾಟು ಹಾಕಿ ಮಾಡಿದ್ದಕ್ಕಿಂತ ಅವನೇ.

"ಇದು ಕೇಳಿ," ಅಂದ. "ಇವತ್ತು ಬೇಗ ಸೋತುಬಿಡು ಕಣೋ, ನನ್ನ ಸಹ್ವಿರಾ ಬರ್ತಾಳೆ. ಸೊಪ್ಪು ತಂದು ಕೊಟ್ಟು, ಬೈದು ಹೋಗ್ತಾಳೆ. ಅವಳ ಬೈಗುಳ ಒಂದು ದಿನ ತಪ್ಪಿದ್ರೆ ನನಗೆ ಊಟ ಸೇರಲ್ಲ. ನಾನು ಸತ್ರೆ ಅವಳಿಗೆ ಕಷ್ಟ ಕಣೋ ಎಲ್ಫಾಸ್. ಊರನ್ನೆಲ್ಲ ಅವಳು ನಗಿಸ್ತಾಳೆ, ಅವಳನ್ನ ಯಾರು ಕೇಳ್ತಾರೆ?"

ನಗು ನಿಂತಿತು. ನನ್ನ ಗಂಟಲಿನಿಂದ ಒಂದು ಸದ್ದು ಬಂತು. ಅದು ನನ್ನದು ಎಂದು ನನಗೇ ಮೊದಲು ಗೊತ್ತಾಗಲಿಲ್ಲ. ಎರಡು ತಿಂಗಳು ಅಲ್ಲಾಡದೆ ಕೂತದ್ದು ಒಂದೇ ಸಲ ಕಿತ್ತುಕೊಂಡು ಬಂತು. ನಾನು ತೊಟ್ಟಿದ್ದ ತರುವಿಂಗಾನ ಕೋಟಿನ ತೋಳಿಗೆ ಮುಖ ಒತ್ತಿ, ಹುಡುಗಿಯ ಹಾಗೆ, ನಾಚಿಕೆ ಬಿಟ್ಟು ಗೋಳೋ ಎಂದು ಅತ್ತೆ.

"ಸಹ್ವಿರಾ ಅಳಬಾರ್ದು," ಎಂದಳು ಎರಿನಾ ಅತ್ತೆ. ಹಾಗೆಂದವಳೇ ಪಕ್ಕದಲ್ಲಿ ಕೂತು, ನನ್ನ ತಲೆಯ ಮೇಲಿದ್ದ ತಮ್ಮನ ಹ್ಯಾಟು ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಮುದುಕ ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಮುಂದಿನದನ್ನು ಓದಿದ.